ಹಾಡೂ ಒಂದು ಆಕರ: ಗೌಹರ್ ಜಾನ್ ರೆಕಾರ್ಡಿನಿಂದ ಅಜ್ಜಿ ಮನೆ ಕ್ಯಾಸೆಟ್‌ವರೆಗೆ

ಭಾಗ 1/8: "ಆಕರ ಏನಮ್ಮಾ?"

ಎಂ.ಎ. ಇತಿಹಾಸ, ಕೊನೇ ಸೆಮಿಸ್ಟರ್. ಕಿರುಪ್ರಬಂಧಕ್ಕೆ ವಿಷಯ ಹೇಳೋ ದಿನ. ಒಬ್ಬ ಹೊಯ್ಸಳರ ಕಾಲದ ಕೆರೆಗಳು ಅಂದ. ಇನ್ನೊಬ್ಬಳು ಶಿವಪುರದ ಧ್ವಜ ಸತ್ಯಾಗ್ರಹ ಅಂದಳು. ನನ್ನ ಸರದಿ ಬಂತು. "ಹಾಡು, ಸರ್" ಅಂದೆ. ಹಿಂದಿನ ಬೆಂಚಿಂದ ಕಿಸಕ್ ಅಂತ ನಗು. (ಯಾರು ಅಂತ ಗೊತ್ತು, ಹೆಸರು ಹೇಳಲ್ಲ, ನೀವೂ ಇದನ್ನ ಓದ್ತಾ ಇದ್ದೀರ.)

ಸರ್ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದ್ರು: "ಸರಿ. ಆಕರ ಏನಮ್ಮಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಶಾಸನ ಆಕರ. ಕಡತ ಆಕರ. ಪತ್ರ, ಪತ್ರಿಕೆ, ಕಂದಾಯದ ಲೆಕ್ಕ, ಎಲ್ಲಾ ಆಕರ. ಆದ್ರೆ ಹಾಡು? 'ನಂಗೆ ತುಂಬಾ ಇಷ್ಟ' ಅನ್ನೋದು ಆಕರ ಆಗಲ್ಲ. ಹಾಡಿನ ಸಾಹಿತ್ಯ ಬರೆದುಕೊಂಡು 'ಆ ಕಾಲದ ಜನ ಹೀಗೆ ಪ್ರೀತಿ ಮಾಡ್ತಿದ್ರು' ಅಂತ ಷರಾ ಹಾಕಿದ್ರೂ ಇತಿಹಾಸ ಆಗಲ್ಲ. ಹಾಗೆ ಬರೆದ್ರೆ ಇನ್ನೈವತ್ತು ವರ್ಷ ಆದ್ಮೇಲೆ ಯಾರೋ ನಮ್ಮ ಸಿನಿಮಾ ಹಾಡು ಕೇಳಿ, 2020ರ ದಶಕದಲ್ಲಿ ಕರ್ನಾಟಕದ ಹುಡುಗರೆಲ್ಲ ಮಳೆಯಲ್ಲೇ ಇರ್ತಿದ್ರು ಅಂತ ಬರೀತಾರೆ.

ಆ ಒಂದು ಪ್ರಶ್ನೆಗೆ ಉತ್ತರ ಹುಡುಕೋಕೆ ನಂಗೆ ನಾಲ್ಕು ತಿಂಗಳು ಹಿಡೀತು. ಈ ಎಂಟು ಪೋಸ್ಟ್ ಆ ಉತ್ತರ. ಜೂನಿಯರ್ಸ್, ಮುಂದಿನ ವರ್ಷ ನಿಮಗೂ ಇದೇ ಪ್ರಶ್ನೆ ಬರುತ್ತೆ. ಸೇವ್ ಮಾಡ್ಕೊಳ್ಳಿ.

ಭಾಗ 2/8: ಕಾಗದ ಇಲ್ಲದವರ ಕಾಗದ

ಮೊದಲು ಒಂದು ಧೈರ್ಯದ ಮಾತು. ಈ ಕೆಲಸ ಮಾಡಿದವರಲ್ಲಿ ನಾವೇನೂ ಮೊದಲಿಗರಲ್ಲ.

ಎರಿಕ್ ಹಾಬ್ಸ್‌ಬಾಮ್ ಹೆಸರು ಕೇಳದ ಇತಿಹಾಸದ ವಿದ್ಯಾರ್ಥಿ ಇಲ್ಲ. ಫ್ರೆಂಚ್ ಕ್ರಾಂತಿ, ಕೈಗಾರಿಕಾ ಕ್ರಾಂತಿ ಅಂದ ಕೂಡಲೇ ಅವರ ಪುಸ್ತಕ ಓದಿ ಅಂತಾರೆ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಪಾಠ ಮಾಡ್ತಿದ್ದ ಈ ಮಹಾಶಯರು 'ನ್ಯೂ ಸ್ಟೇಟ್ಸ್‌ಮನ್' ಪತ್ರಿಕೆಗೆ ಜಾಝ್ ವಿಮರ್ಶೆ ಬರೀತಿದ್ರು, ಅದೂ ಫ್ರಾನ್ಸಿಸ್ ನ್ಯೂಟನ್ ಅನ್ನೋ ಗುಪ್ತನಾಮದಲ್ಲಿ. ಫ್ರಾಂಕಿ ನ್ಯೂಟನ್ ಅನ್ನೋ ಟ್ರಂಪೆಟ್ ವಾದಕನ ನೆನಪಿಗೆ ಇಟ್ಟುಕೊಂಡ ಹೆಸರು. 1959ರಲ್ಲಿ ಜಾಝ್ ಬಗ್ಗೆ ಒಂದು ಪುಸ್ತಕವೂ ಅದೇ ಹೆಸರಲ್ಲಿ ಬಂತು. ಹಾಡು ಚೆನ್ನಾಗಿದೆಯಾ ಅಂತಷ್ಟೇ ಅವರು ಬರೀಲಿಲ್ಲ. ಕೇಳೋಕೆ ಬರೋರು ಯಾರು, ನುಡಿಸೋರ ಹೊಟ್ಟೆಪಾಡು ಏನು, ಈ ವ್ಯಾಪಾರ ನಡೆಯೋದು ಹೇಗೆ ಅಂತಲೂ ಕೇಳಿದ್ರು.

ಇನ್ನೊಬ್ಬರು ಅಮೆರಿಕದ ಲಾರೆನ್ಸ್ ಲೆವಿನ್, ಬರ್ಕ್ಲಿಯ ಇತಿಹಾಸದ ಪ್ರೊಫೆಸರ್. ಅವರ ಮುಂದೆ ಇದ್ದ ಸಮಸ್ಯೆ ಇದು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸೋದೇ ಅಪರಾಧ ಆಗಿತ್ತು. ಹಾಗಾದ್ರೆ ಅವರ ಮನಸ್ಸಲ್ಲಿ ಏನಿತ್ತು ಅಂತ ತಿಳಿಯೋದು ಹೇಗೆ? ಯಜಮಾನರ ಲೆಕ್ಕದ ಪುಸ್ತಕದಲ್ಲಿ ಅದು ಸಿಗಲ್ಲ. ಲೆವಿನ್ ಅವರ ಹಾಡು, ಕತೆ, ನಗೆಚಾಟಿಕೆಗಳನ್ನೇ ಆಕರ ಮಾಡ್ಕೊಂಡು 1977ರಲ್ಲಿ ಒಂದು ದೊಡ್ಡ ಪುಸ್ತಕ ಬರೆದ್ರು.

ಆದ್ರೆ ಇಲ್ಲೊಂದು ತೊಡಕಿದೆ. ಆ ಹಾಡುಗಳನ್ನ ಮೊದಮೊದಲು ಕಾಗದಕ್ಕೆ ಇಳಿಸಿದವರಲ್ಲಿ ಬಹಳ ಜನ ಬಿಳಿಯರು. ಹಾಡು ಒಬ್ಬರದ್ದು, ಬರೆದ ಕೈ ಇನ್ನೊಬ್ಬರದ್ದು. ಹಾಗಾಗಿ ಹಾಡು ಏನು ಹೇಳುತ್ತೆ ಅಂತ ಕೇಳೋಕೆ ಮುಂಚೆ, ಇದು ನಮ್ಮವರೆಗೆ ಯಾರ ಕೈಯಿಂದ ಬಂತು ಅಂತ ಕೇಳಬೇಕು. ಇದೊಂದು ನೆನಪಿಟ್ಕೊಂಡು ಈಗ ಕಲ್ಕತ್ತಾಗೆ ಹೋಗೋಣ. ಅಲ್ಲಿಂದ ದಾರಿ ನೇರವಾಗಿ ಮೈಸೂರಿಗೇ ಬರುತ್ತೆ.

ಭಾಗ 3/8: ಮೂರು ನಿಮಿಷ

1902ರ ನವೆಂಬರ್, ಕಲ್ಕತ್ತಾ. ಲಂಡನ್ನಿನ ಗ್ರಾಮಫೋನ್ ಕಂಪನಿ ಕಳಿಸಿದ್ದ ಫ್ರೆಡ್ ಗೈಸ್‌ಬರ್ಗ್ ಭಾರತದ ಗಾಯಕರ ಧ್ವನಿ ಮುದ್ರಿಸೋಕೆ ಬಂದಿದ್ದ. ಆಗ ಮುದ್ರಿಸಿಕೊಂಡವರಲ್ಲಿ ಒಬ್ಬರು ಗೌಹರ್ ಜಾನ್. ಊರಲ್ಲಿ ಆಗಲೇ ಬಲು ದೊಡ್ಡ ಹೆಸರು. ಮುಂದೆ ಸುಮಾರು 600 ರೆಕಾರ್ಡ್, ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ.

ಆಗ ಮೈಕ್ ಇರಲಿಲ್ಲ. ದೊಡ್ಡ ತುತ್ತೂರಿಯಂಥ ಕೊಳವೆಯ ಬಾಯಿಗೆ ಮುಖ ಇಟ್ಟು ಗಟ್ಟಿಯಾಗಿ ಹಾಡಬೇಕು. ಆ ಧ್ವನಿಯ ಅದುರೇ ಸೂಜಿಯನ್ನ ಅಲ್ಲಾಡಿಸಿ ಮೇಣದ ಮೇಲೆ ಗೆರೆ ಕೊರೀತಿತ್ತು. ಹತ್ತಿಂಚಿನ ರೆಕಾರ್ಡಿನ ಒಂದು ಬದಿಗೆ ಹಿಡಿಯೋದು ಸುಮಾರು ಮೂರು ನಿಮಿಷ, ಅಷ್ಟೇ.

ಒಂದು ರಾಗವನ್ನ ಗಂಟೆಗಟ್ಟಲೆ ಬೆಳೆಸೋ ಪದ್ಧತಿಯವರು ಮೂರು ನಿಮಿಷದಲ್ಲಿ ಮುಗಿಸಬೇಕು ಅಂದ್ರೆ ಏನು ಮಾಡ್ತಾರೆ? ಆಲಾಪ ಕತ್ತರಿಸ್ತಾರೆ. ನೇರವಾಗಿ ಬಂದಿಶ್‌ಗೆ ಬರ್ತಾರೆ. ಲಯ ಜೋರು ಮಾಡ್ತಾರೆ. ಅಂದ್ರೆ ಹಳೇ ರೆಕಾರ್ಡ್ ಕೇಳಿ 'ಆಗಿನವರು ಹೀಗೆ ಹಾಡ್ತಿದ್ರು' ಅಂದ್ರೆ ತಪ್ಪು. ಆಗಿನವರು *ಆ ಯಂತ್ರದ ಮುಂದೆ* ಹೀಗೆ ಹಾಡ್ತಿದ್ರು ಅನ್ನಬೇಕು.

ಇನ್ನೂ ಒಂದು ಮಜಾ ವಿಷಯ. ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಹೇಳ್ತಾರೆ. ನಾನು ಮೊದಲು ಕೇಳಿದಾಗ 'ಎಂಥಾ ಗತ್ತು!' ಅಂದ್ಕೊಂಡೆ. ಗತ್ತು ಇದ್ದಿರಬಹುದು. ಆದ್ರೆ ಅದಕ್ಕೆ ಸಾಮಾನ್ಯವಾಗಿ ಕೊಡೋ ಕಾರಣ ಬೇರೆ. ಆ ಮೇಣದ ಮೂಲಪ್ರತಿಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್ ಕಾರ್ಖಾನೆಗೆ ಹೋಗ್ತಿದ್ವು. ಅಲ್ಲಿನ ಕೆಲಸದವರಿಗೆ ಯಾವ ಲೇಬಲ್ ಯಾರಿಗೆ ಅಂಟಿಸಬೇಕು ಅಂತ ಗೊತ್ತಾಗಬೇಕಲ್ಲ! ಕಲ್ಕತ್ತಾದಲ್ಲೇ ರೆಕಾರ್ಡ್ ಒತ್ತುವ ಕಾರ್ಖಾನೆ ಶುರುವಾಗಿದ್ದು 1908ರಲ್ಲಿ. ಇನ್ನು ರೆಕಾರ್ಡ್ ತಯಾರಾಗ್ತಿದ್ದ ಅರಗು? ಅದರ ಬಹುಪಾಲು ಹೋಗ್ತಿದ್ದದ್ದೇ ನಮ್ಮ ದೇಶದ ಕಾಡುಗಳಿಂದ.

ಒಂದು ರೆಕಾರ್ಡಿನೊಳಗೆ ಕಾಡು, ಹಡಗು, ಕಾರ್ಖಾನೆ, ಸಾಮ್ರಾಜ್ಯ. ಸಾಹಿತ್ಯದ ಒಂದು ಪದಕ್ಕೂ ನಾವಿನ್ನೂ ಕೈ ಹಾಕಿಲ್ಲ ನೋಡಿ.

ಭಾಗ 4/8: ಅರಮನೆಯ ಪೆಟ್ಟಿಗೆ

ಈ ಗೌಹರ್ ಜಾನ್ ಕೊನೆಯುಸಿರು ಎಳೆದದ್ದು ಎಲ್ಲಿ ಗೊತ್ತಾ? ನಮ್ಮ ಮೈಸೂರಲ್ಲಿ.

1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಆಕೆಯನ್ನ ಅರಮನೆಯ ವಿದುಷಿಯಾಗಿ ನೇಮಿಸಿಕೊಂಡ್ರು, ತಿಂಗಳಿಗೆ 500 ರೂಪಾಯಿ ಸಂಬಳ. 1930ರ ಜನವರಿ 17ರಂದು ತೀರಿಕೊಂಡ್ರು. ಒಂದೂವರೆ ವರ್ಷವೂ ತುಂಬಿರಲಿಲ್ಲ.

ಇಲ್ಲಿ ಎರಡು ಆಕರಗಳನ್ನ ಪಕ್ಕಪಕ್ಕ ಇಡೋಣ. ಒಂದು, ರೆಕಾರ್ಡು ಮತ್ತು ಅದರ ಜಾಹೀರಾತು. ಅಲ್ಲಿ ಗೌಹರ್ ಜಾನ್ ಅಂದ್ರೆ ಒಡವೆ, ಜರತಾರಿ, ಸಾರೋಟು. 1911ರ ದೆಹಲಿ ದರ್ಬಾರಿನಲ್ಲಿ ಹಾಡಿದ ಕೀರ್ತಿ. ಎರಡು, ಕಾಗದಪತ್ರ. ಅಲ್ಲಿ ಇರೋದು ಕೋರ್ಟು ಕೇಸು, ಕರಗಿದ ಆಸ್ತಿ, ಕೊನೆಗಾಲಕ್ಕೆ ಊರು ಬಿಟ್ಟು ಊರು ಅಲೆದ ಒಂಟಿ ಹೆಂಗಸು. ಆಕೆಯ ಜೀವನಚರಿತ್ರೆ ಪುಸ್ತಕವಾಗಿ ಬಂದಿದ್ದು 2010ರಲ್ಲಿ. ಅದು ಶುರುವಾಗಿದ್ದೇ, ಒಡೆಯರ ಇತಿಹಾಸ ಹುಡುಕ್ತಿದ್ದ ಲೇಖಕ ವಿಕ್ರಮ್ ಸಂಪತ್ ಅವರಿಗೆ ಮೈಸೂರು ಅರಮನೆಯ ದಾಖಲೆಗಳಲ್ಲಿ ಸಿಕ್ಕ ಆಕೆಯ ಕಾಗದಪತ್ರಗಳಿಂದ.

ಧ್ವನಿ ಸುಳ್ಳಾ, ಕಾಗದ ಸುಳ್ಳಾ? ಎರಡೂ ಅಲ್ಲ. ಬರೀ ರೆಕಾರ್ಡ್ ಕೇಳಿದ್ರೆ ತಾರೆ ಕಾಣ್ತಾಳೆ, ಬರೀ ಕಡತ ಓದಿದ್ರೆ ಸಂಬಳಕ್ಕೆ ಕಾದು ಕೂತ ನೌಕರಳು ಕಾಣ್ತಾಳೆ. ಎರಡನ್ನೂ ಎದುರುಬದುರು ಕೂರಿಸಿದಾಗ ಇನ್ನೊಂದು ಪ್ರಶ್ನೆ ಹುಟ್ಟುತ್ತೆ: ಇಷ್ಟು ರೆಕಾರ್ಡ್ ಮಾಡಿದ ಹೆಂಗಸಿಗೆ ಕೊನೆಗೆ ಒಂದು ಅರಮನೆಯ ಆಸರೆ ಯಾಕೆ ಬೇಕಾಯ್ತು?

ಉತ್ತರದ ಒಂದು ಭಾಗ ಆಕೆಯ ಸ್ವಂತ ಬದುಕಲ್ಲಿದೆ. ಇನ್ನೊಂದು ಭಾಗ ಆ ಕಾಲದಲ್ಲಿದೆ. ಹಾಡಿ ಕುಣಿದು ಬದುಕೋ ಹೆಂಗಸರನ್ನ 'ಮರ್ಯಾದಸ್ಥ' ಸಮಾಜ ಹೊರಗೆ ತಳ್ತಾ ಇದ್ದ ಕಾಲ ಅದು. ಅದನ್ನ ನೋಡೋಕೆ ದೂರ ಹೋಗಬೇಕಿಲ್ಲ. ಮೈಸೂರಿಂದ ನಂಜನಗೂಡು ಬಸ್ ಹತ್ತಿದ್ರೆ ಸಾಕು.

ಭಾಗ 5/8: ನಂಜನಗೂಡಿನ ಹುಡುಗಿ

ಬೆಂಗಳೂರು ನಾಗರತ್ನಮ್ಮ. ಹೆಸರಲ್ಲಿ ಬೆಂಗಳೂರಿದ್ರೂ ಹುಟ್ಟಿದ್ದು 1878ರಲ್ಲಿ ನಂಜನಗೂಡಲ್ಲಿ, ದೇವದಾಸಿ ಮನೆತನದಲ್ಲಿ. ಸಂಸ್ಕೃತ, ಸಂಗೀತ, ನೃತ್ಯ ಎಲ್ಲಾ ಕಲಿತು, ಮೈಸೂರು, ಬೆಂಗಳೂರು ದಾಟಿ ಮದ್ರಾಸಲ್ಲಿ ದೊಡ್ಡ ಹೆಸರು ಮಾಡಿದವರು.

1909ರಲ್ಲಿ ಮೈಸೂರು ಸರ್ಕಾರ ತನ್ನ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸ್ತು. ಈ ಕಡತಗಳನ್ನ ಓದಿ ಜಾನಕಿ ನಾಯರ್ ಅವರಂಥ ಇತಿಹಾಸಕಾರರು ಬರೆದಿದ್ದಾರೆ. ಆ ಪದ್ಧತಿಯಲ್ಲಿ ಶೋಷಣೆ ಇತ್ತು, ಅದನ್ನ ಮರೆಸೋ ಹಾಗಿಲ್ಲ. ಆದ್ರೆ ಸುಧಾರಣೆ ಹೆಸರಲ್ಲಿ ಆ ಹೆಂಗಸರ ಸೇವೆ, ಸಂಬಳ, ಇನಾಮು, ವಿದ್ಯೆಗಿದ್ದ ಜಾಗ ಎಲ್ಲಾ ಒಟ್ಟಿಗೇ ಹೋಯ್ತು. ವಿದ್ಯೆ ಮಾತ್ರ ಮುಂದೆ ಬೇರೆಯವರ ಮನೆಗಳಲ್ಲಿ 'ಶಾಸ್ತ್ರೀಯ ಕಲೆ' ಅಂತ ಮರ್ಯಾದೆ ಪಡೀತು.

ಅದರ ಮರುವರ್ಷ, 1910ರಲ್ಲಿ, ನಾಗರತ್ನಮ್ಮ ಒಂದು ಕೆಲಸ ಮಾಡಿದ್ರು. ತಂಜಾವೂರು ಆಸ್ಥಾನದಲ್ಲಿ 18ನೇ ಶತಮಾನದಲ್ಲಿದ್ದ ಮುದ್ದುಪಳನಿ ಅನ್ನೋ ಕವಯಿತ್ರಿ 'ರಾಧಿಕಾ ಸಾಂತ್ವನಮು' ಅಂತ ತೆಲುಗಿನ ಶೃಂಗಾರ ಕಾವ್ಯ ಬರೆದಿದ್ರು. ಹಿಂದಿನ ಮುದ್ರಣದಲ್ಲಿ ಕೆಲವು ಪದ್ಯ ಬಿಟ್ಟಿದ್ರು. ನಾಗರತ್ನಮ್ಮ ಪೂರ್ತಿ ಕಾವ್ಯವನ್ನ ಮುದ್ರಿಸಿದ್ರು. ಸ್ತ್ರೀಶಿಕ್ಷಣಕ್ಕೆ ಹೋರಾಡಿದ ದೊಡ್ಡ ಸುಧಾರಕ ವೀರೇಶಲಿಂಗಂ ಅವರೇ ಈ ಕಾವ್ಯ ಅಶ್ಲೀಲ ಅಂದಿದ್ರು. ನಾಚಿಕೆ ಅನ್ನೋದು ಹೆಂಗಸರಿಗೆ ಮಾತ್ರವಾ, ಗಂಡಸು ಕವಿಗಳಿಗೆ ಇಲ್ವಾ ಅನ್ನೋದು ನಾಗರತ್ನಮ್ಮನವರ ಪ್ರಶ್ನೆ. 1911ರಲ್ಲಿ ಸರ್ಕಾರ ಪುಸ್ತಕವನ್ನ ನಿಷೇಧಿಸ್ತು. ನಿಷೇಧ ತೆಗೆದದ್ದು 1947ರಲ್ಲಿ.

ಇನ್ನೊಂದು ಕಡೆ, ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ 1920ರ ದಶಕದಲ್ಲಿ ತಮ್ಮ ಸಂಪಾದನೆ ಸುರಿದು ಗುಡಿ ಕಟ್ಟಿಸಿದ್ದು ಇದೇ ನಾಗರತ್ನಮ್ಮ. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡೋ ಹಾಗಿರಲಿಲ್ಲ. ಆಕೆ ಹೆಂಗಸರದ್ದೇ ಬೇರೆ ಆರಾಧನೆ ನಡೆಸಿದ್ರು. ಬಣಗಳೆಲ್ಲ ಒಂದಾಗಿ, ಹೆಂಗಸರು ಗಂಡಸರು ಒಂದೇ ಕಡೆ ಹಾಡೋ ಹೊತ್ತಿಗೆ 1940ರ ದಶಕ ಬಂದಿತ್ತು.

ಇವತ್ತು ಟಿವಿಯಲ್ಲಿ ಪಂಚರತ್ನ ಕೃತಿ ಗೋಷ್ಠಿ ನೋಡ್ತೀವಲ್ಲ, ಆ ಸಾಲಲ್ಲಿ ಕೂತಿರೋ ಹೆಂಗಸರ ಹಿಂದೆ ಇಷ್ಟು ಜಗಳ ಇದೆ. ಹಾಡನ್ನ ಎಷ್ಟು ಸಲ ಕೇಳಿದ್ರೂ ಇದು ಕೇಳಿಸಲ್ಲ. ಹಾಡೋ ಜಾಗ ಯಾರಿಗೆ ಸಿಕ್ತು ಅಂತ ಕೇಳಿದ್ರೆ ಕೇಳಿಸುತ್ತೆ.

ಭಾಗ 6/8: ಪ್ರೊಫೆಸರ್ ಮನೆಯ ರೇಡಿಯೋ

ಈಗ ಸ್ವಲ್ಪ ಹೆಮ್ಮೆ ಪಡೋ ವಿಷಯ. 'ಆಕಾಶವಾಣಿ' ಅನ್ನೋ ಹೆಸರಿನ ರೇಡಿಯೋ ಶುರುವಾಗಿದ್ದು ಮೈಸೂರಲ್ಲಿ, 1935ರಲ್ಲಿ, ಒಬ್ಬ ಮೇಷ್ಟ್ರ ಮನೆಯಲ್ಲಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ರು. ಮುಂದೆ ಅದೇ ಹೆಸರು ಇಡೀ ದೇಶದ ರೇಡಿಯೋಗೆ ಬಂತು.

ರೇಡಿಯೋ ಬಂದ್ಮೇಲೆ ಯಾರು ಹಾಡಬೇಕು, ಏನು ಹಾಡಬೇಕು ಅನ್ನೋ ತೀರ್ಮಾನ ಆಫೀಸಿನ ಮೇಜಿಗೆ ಬಂತು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ನಿಷೇಧಿಸ್ತು. ಅದು ಪರದೇಶಿ ವಾದ್ಯ, ಅದರಲ್ಲಿ ನಮ್ಮ ಗಮಕ ನುಡಿಯಲ್ಲ ಅನ್ನೋದು ವಾದ. ನಿಷೇಧ ಸಡಿಲವಾಗಿದ್ದು 1971ರಲ್ಲಿ. ನಮ್ಮ ನಾಟಕ ಕಂಪನಿಗಳು, ಭಜನಾ ಮಂಡಳಿಗಳು, ಹರಿಕಥೆ ದಾಸರು ಹಾರ್ಮೋನಿಯಂ ಇಲ್ಲದೆ ಒಂದು ಹೆಜ್ಜೆ ಇಡ್ತಿರಲಿಲ್ಲ. ಊರಲ್ಲಿ ಇದ್ದ ವಾದ್ಯ ರೇಡಿಯೋದಲ್ಲಿ ಇಲ್ಲ! ಸ್ವಾತಂತ್ರ್ಯದ ಹೊತ್ತಿಗೆ 'ಖಾಸಗಿ ಜೀವನ ಸರಿಯಿಲ್ಲ' ಅನ್ನೋ ಕಾರಣಕ್ಕೆ ಗಾಯಕಿಯರ ಒಂದು ವರ್ಗಕ್ಕೂ ಬಾಗಿಲು ಹಾಕಿದ್ರು. ಗೌಹರ್ ಜಾನ್ ಬದುಕಿದ್ದಿದ್ರೆ ಆಕೆಗೂ ಅದೇ ಗತಿ ಆಗ್ತಿತ್ತೇನೋ.

1952ರಲ್ಲಿ ಬಿ.ವಿ. ಕೇಸ್ಕರ್ ಮಂತ್ರಿಯಾದ್ರು, ಸಿನಿಮಾ ಹಾಡಿಗೂ ಕತ್ತರಿ ಬಿತ್ತು. ಜನ ಏನು ಮಾಡಿದ್ರು? ಪ್ರತಿಭಟನೆ ಮಾಡಲಿಲ್ಲ, ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಾಕ್ಕೊಂಡ್ರು. ಅದೇ ವರ್ಷ ಅಲ್ಲಿ ಬಿನಾಕಾ ಗೀತಮಾಲಾ ಶುರು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿ ತಂದು ಸಿನಿಮಾ ಹಾಡಿಗೆ ಜಾಗ ಕೊಡ್ತು.

ಇದನ್ನ ನಾನು ಹೀಗೆ ಓದಿಕೊಂಡೆ: ನಿಷೇಧದ ಆದೇಶವೂ ಸಂಗೀತದ ಇತಿಹಾಸಕ್ಕೆ ಆಕರ. ಅಧಿಕಾರದಲ್ಲಿದ್ದವರು ಯಾವುದಕ್ಕೆ ಹೆದರಿದ್ರು ಅಂತ ಅದು ಹೇಳುತ್ತೆ. ಮುಳ್ಳು ತಿರುಗಿಸಿದ ಕೈಯೂ ಆಕರ. ಆದ್ರೆ ಆ ಕೈ ಯಾವ ಕಡತದಲ್ಲೂ ಸಹಿ ಹಾಕಿಲ್ಲ. ಅದಕ್ಕೆ ನಾವು ಮನೆಮನೆಗೆ ಹೋಗಿ ಕೇಳಬೇಕು.

ಭಾಗ 7/8: ಎರಡು ಪುಟ್ಟ ಕಿಂಡಿ

ರೆಕಾರ್ಡ್ ಒತ್ತೋಕೆ ಕಾರ್ಖಾನೆ ಬೇಕು. ರೇಡಿಯೋಗೆ ಸರ್ಕಾರ ಬೇಕು. ಕ್ಯಾಸೆಟ್‌ಗೆ? ಎರಡು ಟೇಪ್ ರೆಕಾರ್ಡರ್ ಸಾಕು.

ಫಿಲಿಪ್ಸ್ ಕಂಪನಿ ಈ ಪುಟ್ಟ ಕ್ಯಾಸೆಟ್ ತಂದಿದ್ದು 1963ರಲ್ಲಿ. ನಮ್ಮ ಊರುಗಳಿಗೆ ಅದು ಧಾರಾಳವಾಗಿ ಬಂದಿದ್ದು 1980ರ ದಶಕದಲ್ಲಿ. ಅಲ್ಲಿವರೆಗೆ ಭಾರತದ ಹಾಡಿನ ವ್ಯಾಪಾರ ಹೆಚ್ಚುಕಮ್ಮಿ ಎಚ್‌ಎಂವಿ ಅನ್ನೋ ಒಂದೇ ಹೆಸರಿನ ಕೈಯಲ್ಲಿತ್ತು. ಕ್ಯಾಸೆಟ್ ಆ ಬೀಗ ಒಡೀತು. ಸಣ್ಣ ಸಣ್ಣ ಕಂಪನಿ, ಸಣ್ಣ ಊರಿನ ಗಾಯಕರು, ಆಯಾ ಸೀಮೆಯ ಭಾಷೆ ಎಲ್ಲಾ ಮಾರುಕಟ್ಟೆಗೆ ಬಂತು. ಜೊತೆಗೆ ನಕಲಿ ಕ್ಯಾಸೆಟ್ಟೂ ಬಂತು ಅನ್ನಿ. ಪೀಟರ್ ಮ್ಯಾನ್ಯುಯೆಲ್ ಅನ್ನೋ ವಿದ್ವಾಂಸರು 1993ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದಿದ್ದಾರೆ.

ಕನ್ನಡದಲ್ಲಿ 1978ರ 'ನಿತ್ಯೋತ್ಸವ' ನೆನಪಿಸ್ಕೊಳ್ಳಿ. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ಸಂಗೀತ. ಪುಸ್ತಕದಲ್ಲಿದ್ದ ಕವಿತೆ ಅಡುಗೆಮನೆಗೆ, ಬಸ್ಸಿಗೆ, ಟೀ ಅಂಗಡಿಗೆ ಬಂತು. ಆಮೇಲೆ ಶಿಶುನಾಳ ಶರೀಫರ ಪದಗಳು ಸಿ. ಅಶ್ವಥ್ ಅವರ ಕಂಠದಲ್ಲಿ ನಾಡಿಗೆಲ್ಲ ಕೇಳಿಸಿದ್ವು. ಶರೀಫರು ತೀರಿಕೊಂಡಿದ್ದು 1889ರಲ್ಲಿ. ಬಾಯಿಂದ ಬಾಯಿಗೆ ಉಳಿದು ಬಂದ ಪದ ನೂರು ವರ್ಷದ ಮೇಲೆ ಕ್ಯಾಸೆಟ್ ಏರ್ತು. ನಮ್ಮ ತಲೆಮಾರಿನವರಿಗೆ ಶರೀಫ ಅಂದ್ರೆ ಅಶ್ವಥ್ ಧ್ವನಿಯೇ ಕಿವಿಗೆ ಬರೋದು. ಅದು ಉಡುಗೊರೆ ಹೌದು. ಹಾಗೇ, ಭಜನೆಯಲ್ಲಿ ಅದೇ ಪದವನ್ನ ಬೇರೆ ಧಾಟಿಯಲ್ಲಿ ಹಾಡೋ ಅಜ್ಜನ ಕಡೆ ನಮ್ಮ ಕಿವಿ ಹೋಗ್ತಾ ಇಲ್ಲ ಅನ್ನೋದೂ ನಿಜ.

ಕ್ಯಾಸೆಟ್‌ನ ನಿಜವಾದ ಚಮತ್ಕಾರ ಅದರ ಬೆನ್ನಲ್ಲಿದೆ. ಅಲ್ಲಿ ಎರಡು ಪುಟ್ಟ ಕಿಂಡಿ ಇರುತ್ತೆ. ಕಿಂಡಿ ತೆರೆದಿದ್ರೆ ಅದರ ಮೇಲೆ ಹೊಸದಾಗಿ ರೆಕಾರ್ಡ್ ಆಗಲ್ಲ. ಆದ್ರೆ ಅದರ ಮೇಲೊಂದು ಚೂರು ಅಂಟುಪಟ್ಟಿ ಹಚ್ಚಿಬಿಟ್ರೆ ಆಗುತ್ತೆ! ಕಂಪನಿಯವರ ಹಾಡು ಅಳಿಸಿ ನಮ್ಮ ಮನೆ ಹಾಡು ತುಂಬಬಹುದು. ಕೇಳೋರೇ ಮುದ್ರಿಸೋರೂ ಆದ್ರು. ಈ ಇಡೀ ಕತೆಯಲ್ಲಿ ನಂಗೆ ತುಂಬಾ ಇಷ್ಟವಾದ ಭಾಗ ಇದು.

ಹಳೇ ಕ್ಯಾಸೆಟ್ ಸಿಕ್ಕಿದ್ರೆ ಮೊದಲು ಆ ಕಿಂಡಿ ನೋಡಿ.

ಭಾಗ 8/8: "ಅದು ನಾನಲ್ಲ ಕಣೇ"

ಅಜ್ಜಿ ಮನೆ ಅಟ್ಟದ ಮೇಲೆ ಬಿಸ್ಕೆಟ್ ಡಬ್ಬದಲ್ಲಿ ಹನ್ನೊಂದು ಕ್ಯಾಸೆಟ್ ಸಿಕ್ವು. ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಒಂದು ಸಿನಿಮಾ ಹಾಡಿನ ಕ್ಯಾಸೆಟ್‌ನ ಕಿಂಡಿ ಮೇಲೆ ಅಂಟುಪಟ್ಟಿ ಇತ್ತು. ಹಾಕಿ ಕೇಳಿದೆ. ಎರಡನೇ ಬದಿಯಲ್ಲಿ ಹಾಡಿನ ನಡುವೆ ಟಕ್ ಅಂತ ಸದ್ದು. ಆಮೇಲೆ ಒಬ್ಬ ಹೆಂಗಸು ಸೋಬಾನೆ ಪದ ಹಾಡ್ತಿದ್ದಾರೆ. ಹಿಂದೆ ಮದುವೆ ಮನೆ ಗದ್ದಲ, ಮಗು ಅಳೋದು, ಪಾತ್ರೆ ಸದ್ದು. ನಾಲ್ಕು ನಿಮಿಷ ಆದ್ಮೇಲೆ ಗಂಡಸಿನ ಧ್ವನಿ: "ಸಾಕು, ನಿಲ್ಸಮ್ಮ." ಟಕ್. ಮತ್ತೆ ಸಿನಿಮಾ ಹಾಡು.

ನನ್ನ ಖುಷಿ ಕೇಳಬೇಡಿ. ಆವತ್ತು ರಾತ್ರಿಯೇ ಆರು ಪುಟ ಬರೆದೆ. ನಮ್ಮಜ್ಜಿ ಹಾಡ್ತಿದ್ದಾಳೆ, ತಾತ ಬಾಯಿ ಮುಚ್ಚಿಸಿದ್ದಾನೆ, ನಾಗರತ್ನಮ್ಮನವರಿಂದ ಅಜ್ಜಿವರೆಗೆ ಒಂದೇ ಕತೆ, ಇತ್ಯಾದಿ. ಬೆಳಗ್ಗೆ ಅಜ್ಜಿಗೆ ಕೇಳಿಸಿದೆ. ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕರು.

"ಅಯ್ಯೋ, ಅದು ನಾನಲ್ಲ ಕಣೇ. ನಿಮ್ಮ ಚಿಕ್ಕಜ್ಜಿ. ನಂಗೆಲ್ಲಿ ಬರ್ತಿತ್ತು ಆ ಪದ?"

"ತಾತ ಯಾಕೆ ನಿಲ್ಸು ಅಂದ್ರು?"

"ಸೆಲ್ಲು ಮುಗಿದೋಗ್ತಿತ್ತು. ಧಾರೆ ಹೊತ್ತಿಗೆ ಬೇಕಲ್ಲಾ ಅಂತ."

ಆರು ಪುಟ ಅಲ್ಲೇ ಹೋಯ್ತು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಳ್ಳುಳ್ಳಿ ಬಿಡಿಸ್ತಾನೇ ಅಂದ್ರು: "ಸೆಲ್ಲು ಇದ್ದಿದ್ರೂ ನಿಲ್ಲಿಸ್ತಿದ್ರು ಅನ್ನು. ಅವಳು ಶುರು ಮಾಡಿದ್ರೆ ಬೆಳಗಾಗೋದು. ಅಷ್ಟು ಪದ ಇದ್ವು ಅವಳ ಹತ್ರ."

ಚಿಕ್ಕಜ್ಜಿ ಈಗಿಲ್ಲ. ಉಳಿದಿರೋದು ನಾಲ್ಕು ನಿಮಿಷ.

ಈಗ ಸರ್ ಪ್ರಶ್ನೆಗೆ ನನ್ನ ಉತ್ತರ ಇದು. ಕ್ಯಾಸೆಟ್ ಒಂದು ಆಕರ. ಆ ಅಂಟುಪಟ್ಟಿ ಒಂದು ಆಕರ. ಅಜ್ಜಿಯ ಮಾತು ಇನ್ನೊಂದು. ಮೂರೂ ಒಂದನ್ನೊಂದು ತಿದ್ದುತ್ತವೆ. ಸರ್ ಪ್ರಬಂಧದ ಕರಡು ಓದಿ ಹೊಗಳಲಿಲ್ಲ. "ಆಕರ ಸಿಕ್ತು, ವಿಮರ್ಶೆ ಈಗ ಶುರುವಾಯ್ತು" ಅಂದ್ರು. ಅಷ್ಟು ಸಾಕಾಯ್ತು.

ಆ ನಾಲ್ಕು ನಿಮಿಷ ಇಲ್ಲಿ ಹಾಕಿಲ್ಲ, ಹಾಕೋದೂ ಇಲ್ಲ. ಚಿಕ್ಕಜ್ಜಿ ಮಕ್ಕಳನ್ನ ಇನ್ನೂ ಕೇಳಬೇಕು. ಅದು ಅವರ ಅಮ್ಮನ ಧ್ವನಿ.

ಈ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ನೋಡಿ. ಬೂಷ್ಟು ಹಿಡಿದ ಕ್ಯಾಸೆಟ್ ಹಾಗೇ ಹಾಕಬೇಡಿ, ಟೇಪೂ ಹಾಳು, ಯಂತ್ರಾನೂ ಹಾಳು. ಗೊತ್ತಿರೋರ ಹತ್ರ ತೋರಿಸಿ. ಎರಡೂ ಬದಿ, ಲೇಬಲ್, ಒಳಗಿನ ಚೀಟಿ, ಕೈಬರಹ ಎಲ್ಲಾ ಫೋಟೋ ತೆಗೀರಿ. ಆಮೇಲೆ ಮನೆಯ ಹಿರಿಯರ ಪಕ್ಕ ಕೂತು ಕೇಳಿ: ಹಾಡ್ತಿರೋದು ಯಾರು? ಯಾವ ಸಂದರ್ಭ? ಮುದ್ರಿಸಿದ್ದು ಯಾರು? ಹಾಡು ಬರ್ತಿದ್ರೂ ಹಾಡದೇ ಇದ್ದವರು ಯಾರು? ಯಾಕೆ?

ಪುಟ ಬರೆಯೋದು ಆಮೇಲೆ. ನನ್ನ ಥರ ರಾತ್ರಿಯೇ ಬರೀಬೇಡಿ.

#ಹಾಡೂಆಕರ #ಇತಿಹಾಸವಿದ್ಯಾರ್ಥಿ #ಮೈಸೂರು #ಅಜ್ಜಿಮನೆಕ್ಯಾಸೆಟ್